ಎರಡು ಊರಿನಲ್ಲಿ ಒಂದು ಗುರುವಾರ

ಹಳೆಯ ಕಡತ ಬಿಚ್ಚುವಾಗ ತುಕ್ಕು ಹಿಡಿದ ಗುಂಡುಸೂಜಿಯೊಂದು ಬೆರಳಿಗೆ ಚುಚ್ಚಿತು. ಕೆಂಪು ತಲೆಯ ಸೂಜಿ, ಎಂದರೆ ಬಾವಿ. ಹಸಿರಾಗಿದ್ದರೆ ಅರಿಶಿನ, ಹಳದಿಯಾಗಿದ್ದರೆ ಮೇವು. ಇಷ್ಟು ವರ್ಷಗಳ ಮೇಲೂ ಇದು ನೆನಪಿದೆಯಲ್ಲ ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ತೊಂಬತ್ತರ ದಶಕದ ಮಾತು. ಇಸವಿಯ ಬಗ್ಗೆ ದಿನಚರಿಗೂ ನನಗೂ ಭಿನ್ನಾಭಿಪ್ರಾಯವಿದೆ. ಕಚೇರಿಯ ಕಾಗದದ ಮೇಲೆ ಇನ್ನೂ ‘ಮೈಸೂರು ಜಿಲ್ಲೆ’ ಎಂದೇ ಅಚ್ಚಾಗಿರುವುದರಿಂದ ಚಾಮರಾಜನಗರ ಜಿಲ್ಲೆಯಾಗುವುದಕ್ಕೆ ಮೊದಲು ಎಂಬಷ್ಟನ್ನು ಖಚಿತವಾಗಿ ಹೇಳಬಲ್ಲೆ. ಅಲ್ಲಿನ ಸಣ್ಣ ಸಂಶೋಧನಾ ಕೇಂದ್ರವೊಂದರ ಉಸ್ತುವಾರಿ ನನ್ನದು. ಏಕಕಾಲಕ್ಕೆ ಮೂರು ಸಮೀಕ್ಷೆಗಳು: ಹಂಗಳದ ಬಾವಿಗಳ ನೀರಿನ ಮಟ್ಟ, ಬೇಗೂರಿನ ಅರಿಶಿನ, ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಊರುಗಳಲ್ಲಿ ದನಗಳ ಮೇವು. ಕೆಲಸಕ್ಕಿದ್ದವರು ಐದು ಜನ. ಮೂರಕ್ಕೆ ಐದನ್ನು ಹಂಚುವ ವಿದ್ಯೆ ನನಗೆ ಸಿದ್ಧಿಸಿದೆಯೆಂದು ನಂಬಿ, ಗೋಡೆಯ ಮೇಲೆ ಗ್ರಾಫ್ ಹಾಳೆ ಅಂಟಿಸಿ, ಮೂರು ಬಣ್ಣದ ಸೂಜಿಗಳಿಂದ ಪ್ರತಿಯೊಬ್ಬರ ವಾರವನ್ನೂ ಚುಚ್ಚಿಟ್ಟಿದ್ದೆ. ದೂರದಿಂದ ಬಹಳ ಚೆಲುವಾಗಿ ಕಾಣುತ್ತಿತ್ತು.

ಸಿದ್ದರಾಜು ಅದರ ಮುಂದೆ ನಿಂತು ನಕ್ಕಿದ್ದ. ಐವರಲ್ಲಿ ಅವನೇ ಚುರುಕು. ಹಾಗಾಗಿ ಮೂರೂ ಸಮೀಕ್ಷೆಗಳಲ್ಲಿ ಅವನಿದ್ದ. “ನನ್ನ ಮೂರು ತುಂಡು ಮಾಡ್ಬುಟ್ಟಿದ್ದೀರಿ ಸಾ. ತಲೆ ಯಾವೂರ್ಗೆ ಕಳಿಸ್ಲಿ?”

“ತಲೆ ಇಲ್ಲೇ ಇರಲಿ, ಕಾಲು ಕಳಿಸು” ಎಂದೆ. ಆಗ ಅದು ನನಗೆ ಚತುರೋಕ್ತಿಯಾಗಿ ಕಂಡಿತ್ತು.

ಅರಿಶಿನ ಬೇಯಿಸುವ ಕಾಲ ಬಂತು. ಒಂದು ಶನಿವಾರ ಪುಸ್ತಕಗಳನ್ನು ತಾಳೆ ನೋಡುತ್ತಿದ್ದೆ. ಗುರುವಾರ ಬೆಳಿಗ್ಗೆ ಹಂಗಳದ ಬಾವಿ ಅಳೆದವನು ಸಿದ್ದರಾಜು. ಅದೇ ಗುರುವಾರ ಬೆಳಿಗ್ಗೆ ಬೇಗೂರಿನಲ್ಲಿ ಅರಿಶಿನದ ಕೊಪ್ಪರಿಗೆಯ ಬಳಿ ರೈತರನ್ನು ವಿಚಾರಿಸಿದವನೂ ಸಿದ್ದರಾಜು. ಎರಡರಲ್ಲೂ ಅವನದೇ ಹೆಸರು. ಕರೆದು ಕೇಳಿದೆ.

“ನಾನು ಬೇಗೂರ್ಲಿದ್ದೆ ಸಾ. ಬಾವಿ ಅಳ್ತೇನೂ ಸುಳ್ಳಲ್ಲ.”

“ಹಾಗಾದರೆ ಅಳೆದವರು ಯಾರು?”

ಅವನು ಗೋಡೆಯ ಹಾಳೆ ನೋಡುತ್ತ ನಿಂತ. ಸೋಮವಾರ ಕೇಂದ್ರ ಕಚೇರಿಗೆ ‘ಸುಳ್ಳು ನಮೂದು’ ಎಂದು ಪತ್ರ ಬರೆದೆ.

ಮಂಗಳವಾರ ಮಹದೇವಮ್ಮ ಬಂದಳು. ಅವಳೂ ನಮ್ಮ ಐವರಲ್ಲಿ ಒಬ್ಬಳು, ಹಂಗಳದವಳು, ಮೇವಿನ ಸಮೀಕ್ಷೆಯವಳು. ಕುಳಿತುಕೊ ಎಂದರೂ ಕುಳಿತುಕೊಳ್ಳಲಿಲ್ಲ.

“ಬಾವಿ ಅಳ್ದೋಳು ನಾನು ಸಾ. ಅವ್ನು ಬೇಗೂರ್ಗೆ ಓಗ್ಬೇಕಾಗಿತ್ತು. ಶುಕ್ರವಾರ ನನ್ನ ಮೇವಿನ ಮನೆಗಳ್ನ ಅವ್ನು ನೋಡ್ದ. ಮುಯ್ಯಾಳು.”

“ಹಾಗಾದರೆ ನಿನ್ನ ಹೆಸರೇಕೆ ಬರೆಯಲಿಲ್ಲ?”

“ಮುಯ್ಯಿಗೆ ಓಗೋರು ಅವ್ರ ಎಸ್ರು ಬರಸ್ಕತಾರಾ ಸಾ? ನಿಮ್ಮ ಗೋಡೆ ಆಳೇಲಿ ಬಾವಿ ಅವುಂದು. ನಾ ಅಳುದ್ರೂ ಅವುಂದೇ ಅಲ್ವಾ?”

ಇವತ್ತು ನಮ್ಮ ಮನೆಯವರು ನಿಮ್ಮ ಹೊಲಕ್ಕೆ, ನಾಳೆ ನಿಮ್ಮ ಮನೆಯವರು ನಮ್ಮ ಹೊಲಕ್ಕೆ. ಯಾರೇ ಬಂದರೂ ಕೆಲಸ ಮನೆಯ ಹೆಸರಿಗೆ. ಆ ಸೀಮೆಯಲ್ಲಿ ತಲೆಮಾರುಗಳಿಂದ ಆಳು ಹಂಚಿಕೆ ನಡೆದುಬಂದಿರುವುದೇ ಹೀಗೆ. ಅವಳ ಹೆಸರು ಹೇಳಿದರೆ ಅವಳ ಕೆಲಸಕ್ಕೂ ಕುತ್ತೆಂದು ಸಿದ್ದರಾಜು ಸುಮ್ಮನಿದ್ದ. ಪುಸ್ತಕ ತೆರೆದು ನೋಡಿದೆ: ಅಕ್ಷರ ಅವಳದೇ, ದುಂಡಗೆ. ದಿನಾಂಕ ನೋಡಿದ ಕಣ್ಣು ಅಕ್ಷರ ನೋಡಿರಲಿಲ್ಲ. ಹಾಳೆಯತ್ತ ತಿರುಗಿದೆ. ಗುರುವಾರದ ಚೌಕದಲ್ಲಿ, ಸಿದ್ದರಾಜುವಿನ ಸಾಲಿನಲ್ಲಿ, ಕೆಂಪು ಸೂಜಿಯ ಪಕ್ಕದಲ್ಲೇ ಹಸಿರು ಸೂಜಿ. ಎರಡನ್ನೂ ಚುಚ್ಚಿದವನು ನಾನು.

ಮಾರನೆಯ ದಿನವೇ ಕೇಂದ್ರ ಕಚೇರಿಗೆ ಎರಡನೆಯ ಪತ್ರ ಬರೆದು, ತಪ್ಪು ಹಂಚಿಕೆಯದೆಂದು ಒಪ್ಪಿಕೊಂಡೆ, ಅವರು ಓದಲಿಲ್ಲ, ಏಪ್ರಿಲ್‌ನಿಂದ ಕೆಲಸದಲ್ಲಿ ಮುಂದುವರಿಯುವವರ ಪಟ್ಟಿಯಲ್ಲಿ ಸಿದ್ದರಾಜು ಇರಲಿಲ್ಲ. ಈ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಅವನಿಗೂ ಹೇಳಿದ್ದೇನೆ. ಈಗ ಹಂಗಳದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಒಮ್ಮೆ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ ನನ್ನ ಮಾತನ್ನೆಲ್ಲ ಕೇಳಿ, “ನಂಗೊತ್ತು ಬುಡಿ ಸಾ, ನೀವು ಕಾಗ್ದ ಬರ್ದೇ ಇರ್ತೀರಿ” ಎಂದು ಟೀ ಕುಡಿಸಿದ್ದ.

ಇಂದು ಕಡತದಲ್ಲಿ ಎರಡೂ ಪತ್ರಗಳ ಪ್ರತಿಗಳು ಸಿಕ್ಕವು. ಮೊದಲನೆಯದು ಆ ಸೋಮವಾರದ್ದೇ. ಎರಡನೆಯದರ ದಿನಾಂಕ ಮುಂದಿನ ವಾರದ ಶುಕ್ರವಾರ. ನಂಬದೆ ದಿನಚರಿ ತೆಗೆದೆ, ರವಾನೆ ಪುಸ್ತಕ ತೆಗೆದೆ. ಮೂರೂ ಒಂದೇ ಮಾತು ಹೇಳುತ್ತವೆ. ಪಟ್ಟಿ ಅಂತಿಮವಾದದ್ದು ಅದಕ್ಕೆ ಎರಡು ದಿನ ಮೊದಲು. ನಡುವಿನ ಅಷ್ಟೂ ದಿನ ದಿನಚರಿಯಲ್ಲಿ ಒಂದೇ ನಮೂದಿದೆ: ‘ಹೊಸ ಹಂಚಿಕೆ ಹಾಳೆ ರಚನೆ.’ ತಪ್ಪು ಒಪ್ಪಿಕೊಳ್ಳುವ ಮೊದಲು, ತಪ್ಪು ಕಾಣದಂತಹ ಹಾಳೆಯೊಂದನ್ನು ಗೋಡೆಗೆ ಅಂಟಿಸುತ್ತಿದ್ದೆ.

ಮಧ್ಯಾಹ್ನದಿಂದ ಕುಳಿತಲ್ಲಿ ಕುಳಿತಿಲ್ಲ. ಮೇಲೆ ಬಾಯಿಪಾಠದಂತೆ ಬರೆದುಬಿಟ್ಟ ‘ಮಾರನೆಯ ದಿನವೇ’ ಎಂಬ ಮಾತನ್ನು ಹೊಡೆದುಹಾಕಲು ಹೋಗಿ, ಹಾಗೆಯೇ ಬಿಟ್ಟಿದ್ದೇನೆ. ಸುಳ್ಳು ನಮೂದು ಹೇಗಿರುತ್ತದೆಂದು ನೀವೂ ನೋಡಿ. ಬೆಳಗಿನ ಗುಂಡ್ಲುಪೇಟೆ ಬಸ್ಸಿಗೆ ಹೊರಡುತ್ತೇನೆ. ಎರಡು ಪತ್ರಗಳೂ ಚೀಲದಲ್ಲಿವೆ. ಅಂಗಡಿಯಲ್ಲಿ ಅವನು ಮತ್ತೆ “ಬುಡಿ ಸಾ” ಎಂದರೆ, ಈ ಸಲ ಬಿಡುವಂತಿಲ್ಲ.