ಅರಿಸಿನ ಹಚ್ಚದ ಚೀಟಿ

ಪರಿಧಾವಿ ಸಂವತ್ಸರ, ಇಂಗ್ಲಿಷರ ಲೆಕ್ಕದಲ್ಲಿ 1792. ಪಟ್ಟಣದ ಮುತ್ತಿಗೆ ತೆಗೆದು ದಂಡುಗಳು ಹಿಂದಿರುಗಿದ್ದವು. ಆ ಬೇಸಿಗೆಯಲ್ಲಿ ನಾನು ಶ್ರೀರಂಗಪಟ್ಟಣದ ಪೇಟೆಯ ಹೂವಿನ ಅಂಗಡಿಯೊಂದರಲ್ಲಿ ಚೀಟಿ ಬರೆಯುವವನಾಗಿದ್ದೆ. ನಮ್ಮದು ಅಕ್ಕಸಾಲಿಗರ ಮನೆ. ಅಗ್ಗಿಷ್ಟಿಕೆಯ ಹೊಗೆ ನನ್ನ ಎದೆಗೆ ಒಗ್ಗದ್ದರಿಂದ ಅಪ್ಪ ನನ್ನನ್ನು ಬರವಣಿಗೆಗೆ ಹಾಕಿದ್ದರು. ಹೊಳೆನಡುವಿನ ತೋಟಗಳ ಮರಗಳನ್ನು ದಂಡಿನವರು ಕಡಿದಿದ್ದರು. ಹೂವು ಹಿರೋಡೆ, ನಾಗಮಂಗಲದ ಕಡೆಯಿಂದ ಗಾಡಿಯ ಮೇಲೆ ಬರುತ್ತಿತ್ತು.

ಬೀಗರ ಮನೆಗೆ ಹೂವಿನ ಬುಟ್ಟಿ ಕಳಿಸುವವರು ಅದರೊಂದಿಗೆ ಒಂದು ಚೀಟಿ ಇಡುವುದು ವಾಡಿಕೆ. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಓದು ಬಾರದು. ಅದಕ್ಕಾಗಿ ನಾನು ಮರದ ಅಚ್ಚು ಒತ್ತಿದ ಚೀಟಿಗಳನ್ನು ಮೊದಲೇ ಬರೆದಿಡುತ್ತಿದ್ದೆ. ಮದುವೆಗೆ ಗಿಳಿ, ನಾಮಕರಣಕ್ಕೆ ತೊಟ್ಟಿಲು, ಸೀಮಂತಕ್ಕೆ ಬಾಳೆಗೊನೆ. ಶುಭದ ಚೀಟಿಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿರುತ್ತಿತ್ತು. ಸಾವಿನ ಮನೆಯ ಚೀಟಿಗೆ ಅಚ್ಚಿಲ್ಲ, ಅರಿಸಿನವಿಲ್ಲ, ಮೇಲೆ ‘ಶ್ರೀ’ ಇಲ್ಲ. ಓದಿದವರು ಅದನ್ನು ಅಲ್ಲೇ ಹರಿದುಹಾಕುತ್ತಾರೆ. ದೂರದಿಂದ ಮೂಲೆ ನೋಡಿದರೆ ಸಾಕು, ವಿಷಯ ತಿಳಿಯುತ್ತದೆ. ಇವೆರಡರ ನಡುವೆ ಮೂರನೆಯ ಬಗೆಯ ಚೀಟಿ ನಮ್ಮಲ್ಲಿರಲಿಲ್ಲ.

ಒಂದು ಬೆಳಿಗ್ಗೆ ಅರಕೆರೆಯ ಬಡಗಿ ಬೋರಾಚಾರಿ ಬಂದ. ಜೊತೆಗೆ ಅವನ ಹೆಂಡತಿಯ ತಮ್ಮ ನಂಜ. ಬೋರಾಚಾರಿಯ ಮಗಳು ಕಾಳಮ್ಮನನ್ನು ಅತ್ತಿಗುಪ್ಪೆ ಪಕ್ಕದ ಹೊಸಹೊಳಲಿಗೆ ಕೊಟ್ಟಿತ್ತು. ಅವಳು ತುಂಬು ಬಸುರಿ. ಗಂಡ ಕೆಂಚ ಕಮ್ಮಾರ. ಫಿರಂಗಿ ಗಾಡಿಯ ಚಕ್ರಗಳಿಗೆ ಪಟ್ಟಿ ಬಿಗಿಯಲು ದಂಡಿನವರು ಕರೆದುಕೊಂಡು ಹೋದವನು ಮುತ್ತಿಗೆ ಮುಗಿದರೂ ಮನೆಗೆ ಬಂದಿರಲಿಲ್ಲ. ಸತ್ತನೆಂದು ಸುದ್ದಿ ಹಬ್ಬಿತ್ತು.

ಸೀಮಂತದ ದಿನ ಗೊತ್ತಾಗಿತ್ತು. ಕಾಳಮ್ಮನ ಅತ್ತೆ ಹೇಳಿಕಳಿಸಿದ್ದು ಇಷ್ಟೇ: “ತೌರಿನ ಬುಟ್ಟಿ ಎಂಗ್ ಬತ್ತದೋ ಅಂಗ್ ಮಾಡ್ತೀವಿ.” ಹೆತ್ತ ಮಗ ಸತ್ತನೆಂಬ ಮಾತನ್ನು ತನ್ನ ಬಾಯಿಂದ ಆಡಲು ಆಕೆಗೆ ಆಗಿರಲಿಲ್ಲ. ಬಾಳೆಗೊನೆಯ ಚೀಟಿ ಹೋದರೆ ಕಾಳಮ್ಮನಿಗೆ ಬಳೆ ತೊಡಿಸಿ ಹೂ ಮುಡಿಸುತ್ತಾರೆ. ಅರಿಸಿನವಿಲ್ಲದ ಚೀಟಿ ಹೋದರೆ ಇರುವ ಬಳೆ ಒಡೆಯುತ್ತಾರೆ. ಬುಟ್ಟಿಯೇ ಹೋಗದಿದ್ದರೂ ಅದು ಸಾವಿನ ಸುದ್ದಿ ಎಂದೇ ಲೆಕ್ಕ.

ಬೋರಾಚಾರಿಯ ಕೈ ಬಾಳೆಗೊನೆಯ ಚೀಟಿಯ ಕಡೆ ಹೋಯಿತು. ನಂಜ ತಡೆದ.

“ಏ ಭಾವ, ತಲೆ ಕೆಟ್ಟದಾ ನಿಂಗೆ? ಸತ್ತೋನ ಎಂಡ್ರುಗೆ ಊ ಮುಡಿಸ್ತೀಯಾ? ನಾಳೆ ಉಟ್ಟೋ ಮಗೀಗೆ ತಟ್ಟದೆ ಬುಟ್ಟದಾ?”

“ನಿನ್ ಬಾಯಿಗೆ ಮಣ್ಣಾಕ. ಸತ್ತ ಅಂತ ನಿಂಗ್ಯಾರ್ಲಾ ಏಳ್ದೋರು?”

“ಊರೇ ಏಳ್ತದೆ. ನಿಂಗೊಬ್ಬಂಗೇ ಕಿವಿ ಇಲ್ಲ ಕಣ್ ಬುಡು.”

ಇಬ್ಬರೂ ನನ್ನ ಕಡೆ ತಿರುಗಿದರು. “ನೀವೇ ಏಳಿ ಆಚಾರ್ರೆ, ಯಾವ್ದ್ ಇಡಾದು?” ಎಂದ ಬೋರಾಚಾರಿ.

ಯಾವ ಹೂವಿಗೆ ಯಾವ ಚೀಟಿ ಎಂದು ಜನ ನನ್ನನ್ನು ದಿನವೂ ಕೇಳುತ್ತಿದ್ದರು. ಇದು ಅಂಥ ಪ್ರಶ್ನೆಯಾಗಿರಲಿಲ್ಲ. ಮುತ್ತಿಗೆಯ ನಂತರ ಕರ್ಮ ಮುಗಿಸಿದ ಮನೆಗಳಿಗೆ ಸತ್ತವನೇ ನಡೆದು ಬಂದ ಉದಾಹರಣೆಗಳಿದ್ದವು. ಆದ್ದರಿಂದ ಅರಿಸಿನವಿಲ್ಲದ ಚೀಟಿ ಕೊಡುವ ಮುಂಚೆ ನಾನು ಒಂದು ಮಾತು ಕೇಳುತ್ತಿದ್ದೆ. ನಂಜನಿಗೂ ಅದನ್ನೇ ಕೇಳಿದೆ: “ಕಂಡವರು ಯಾರು?”

ನಂಜ ನಾಗಮಂಗಲದ ಗಾಡಿ ಹೊಡೆಯುವ ಮರಿಗೌಡನ ಹೆಸರು ಹೇಳಿದ. ಮರಿಗೌಡ ನಮ್ಮ ಅಂಗಡಿಗೇ ಹೂ ತರುವವನು. ಅಂಗಡಿಯ ಹಿಂದೆ ಎತ್ತುಗಳಿಗೆ ನೀರು ತೋರಿಸುತ್ತಿದ್ದ. ಕರೆಸಿದೆ.

“ಕೆಂಚ ಬಿದ್ದಿದ್ದನ್ನ ನೀನು ನೋಡಿದೆಯಾ ಗೌಡ?”

“ನಾನೆಲ್ಲಿ ನೋಡ್ಲಿ ಸ್ವಾಮಿ? ಒಳೆ ದಡದಲ್ಲಿ ಗುಂಡು ಬಿದ್ದು ಕಮ್ಮಾರರು ಸತ್ರು ಅಂತ ದೋಣಿ ಕಡವಿನಲ್ಲಿ ಮಾತಾಡ್ತಿದ್ರು. ಒಸೊಳಲ ಕೆಂಚಾನೂ ಅಲ್ಲೇ ಇದ್ದ ಅಂದ್ರು.”

“ಅಂದವರು ನೋಡಿದ್ದರಾ?”

ಮರಿಗೌಡ ತಲೆ ಕೆರೆದುಕೊಂಡ. “ಅವ್ರೂ ಯಾರೋ ಅಂದಿದ್ ಕೇಳಿದ್ರೇನೋ. ನನ್ ಮಾತ್ ಕೇಳಿ ಯಾರ್ ಬಳೇನೂ ಒಡೀಬ್ಯಾಡಿ ಮಾರಾಯ್ರೆ, ಆ ಪಾಪ ನಂಗ್ಯಾಕೆ?”

ಕೆಂಚ ಬದುಕಿದ್ದಾನೆ ಎಂಬುದಕ್ಕೂ ಆಧಾರವಿರಲಿಲ್ಲ. ಅದನ್ನು ಬೋರಾಚಾರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ದಂಡಿನೊಂದಿಗೆ ಹೋದಾಗ ಕೆಂಚ ಬದುಕಿದ್ದುದನ್ನು ಊರೆಲ್ಲ ಕಂಡಿದೆ, ಸತ್ತದ್ದನ್ನು ಕಂಡವರಿಲ್ಲ. ಕಂಡವರು ಬರುವವರೆಗೆ ಕಂಡದ್ದೇ ನಡೆಯಲಿ ಎಂದೆ. ಬಾಳೆಗೊನೆಯ ಚೀಟಿಯ ಮೂಲೆಗಳಿಗೆ ಬೋರಾಚಾರಿಯ ಎದುರಿಗೇ ಇನ್ನೊಮ್ಮೆ ಅರಿಸಿನ ಹಚ್ಚಿ, ಮಲ್ಲಿಗೆ ಮೊಗ್ಗಿನ ಮೇಲಿಟ್ಟೆ. ನಂಜ ಬುಟ್ಟಿ ಮುಟ್ಟಲಿಲ್ಲ. ಬೋರಾಚಾರಿಯೇ ತಲೆಯ ಮೇಲೆ ಹೊತ್ತು ಹೊಸಹೊಳಲಿನ ದಾರಿ ಹಿಡಿದ.

ಬಳೆ ತೊಡಿಸಿದರು, ಹೂ ಮುಡಿಸಿದರು ಎಂದು ಆಮೇಲೆ ತಿಳಿಯಿತು. ಕಾಳಮ್ಮ ಬಾಣಂತನಕ್ಕೆ ಅರಕೆರೆಗೆ ಬಂದಳು. ಹೆಣ್ಣು ಮಗು. ತೊಟ್ಟಿಲಿನ ಚೀಟಿಯನ್ನೂ ನಾನೇ ಕೊಟ್ಟೆ.

ಮರುವರ್ಷ ಅಂಗಡಿಗೆ ಕಾಳಮ್ಮನೇ ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಸೊಂಟದಲ್ಲಿ ಮಗು, ಹಿಂದೆ ಬೋರಾಚಾರಿ ಮತ್ತು ನಂಜ. ಅವರ ಹಿಂದೆ ಕೋಲೂರಿಕೊಂಡು ಕುಂಟುತ್ತಿದ್ದ ಒಬ್ಬ ಅಪರಿಚಿತ. ನಾನು ಬಾಯಿ ತೆರೆಯುವ ಮುನ್ನವೇ ಅವಳು ಹೇಳಿದಳು:

“ಕಂಡೋರ್ಯಾರು ಅಂತ ಕೇಳ್ತೀರಿ ಅಂತ ಗೊತ್ತು. ಕರ್ಕೊಂಡೇ ಬಂದಿವ್ನಿ.”

ಆತ ಕೆಂಚನೊಂದಿಗೆ ಒಂದೇ ಕುಲುಮೆಯಲ್ಲಿದ್ದ ಕಮ್ಮಾರ. ಹಿಂದಿರುಗುವ ದಂಡಿನ ಗಾಡಿಯಲ್ಲಿ ಸೇಲಂ ಕಡೆಗೆ ಹೋಗಿ, ಕಾಲಿನ ಗಾಯ ಮಾಯುವವರೆಗೆ ಅಲ್ಲೇ ಉಳಿದು, ಈಗ ಊರಿಗೆ ಮರಳಿದವನು. ಕೆಂಚ ಹೊಳೆದಡದಲ್ಲೇ ಸತ್ತಿದ್ದ. ಮಣ್ಣು ಮಾಡಿದವರಲ್ಲಿ ತಾನೂ ಒಬ್ಬನೆಂದ. ಬೋರಾಚಾರಿಯ ಬುಟ್ಟಿ ಹೊಸಹೊಳಲಿಗೆ ಹೋಗುವುದಕ್ಕೆ ಎಷ್ಟೋ ಮುಂಚಿನ ಮಾತು ಅದು. ನಂಜನ ಸುದ್ದಿ ನಿಜವಾಗಿತ್ತು.

“ನಾ ಆವತ್ತೇ ಏಳ್ನಿಲ್ವಾ?” ಎಂದ ನಂಜ.

ಕಾಳಮ್ಮ ಅವನ ಕಡೆ ತಿರುಗಿದಳು. “ಏಳಿದ್ದೆ ಮಾವ. ನೋಡಿರ್ನಿಲ್ಲ.”

ಕಾಳಮ್ಮ ಮಗುವನ್ನು ಅಪ್ಪನ ಕೈಗೆ ಕೊಟ್ಟು, ಅರಿಸಿನವಿಲ್ಲದ ಚೀಟಿಯೊಂದನ್ನು ತಾನೇ ಆರಿಸಿಕೊಂಡಳು. “ನಮ್ಮತ್ತೆ ಕೈಗೇ ಕೊಡ್ಬೇಕು,” ಎಂದಳು. “ಅವ್ರ್ ಬಾಯಲ್ಲಿ ಬರ್ದೇ ಇದ್ ಮಾತ ನಾನೇ ಏಳ್ತೀನಿ.” ಮುಡಿಯಲ್ಲಿದ್ದ ಮಲ್ಲಿಗೆಯನ್ನು ಬಿಚ್ಚಿ ಬುಟ್ಟಿಯಲ್ಲಿಟ್ಟು, ಅದರ ಮೇಲೆ ಚೀಟಿ ಇಟ್ಟಳು. ಬೋರಾಚಾರಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಈ ಪ್ರಕರಣದಲ್ಲಿ ನಾನು ಕಳಿಸಿದ ಚೀಟಿ ತಪ್ಪಾಗಿತ್ತೇ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ ಎಂದೇ ಹೇಳುತ್ತೇನೆ. ಒಂದು ಮಾತು ಆಮೇಲೆ ನಿಜವಾದ ಮಾತ್ರಕ್ಕೆ, ಆಡಿದ ದಿನವೇ ಅದು ಗೊತ್ತಿತ್ತು ಎಂದಾಗುವುದಿಲ್ಲ. ಕಾಳಮ್ಮ ಬಳೆ ತೆಗೆದದ್ದು ಕಂಡವನ ಮಾತಿಗೆ, ಕಡವಿನ ಹರಟೆಗಲ್ಲ.

ಆ ಕೆಲಸದಲ್ಲಿ ಇದ್ದಷ್ಟು ದಿನವೂ ಶುಭದ ಚೀಟಿಗಳು ನನ್ನ ಮುಂದಿನ ಮಣೆಯ ಮೇಲೆಯೇ ಇದ್ದವು. ಅರಿಸಿನ ಹಚ್ಚದವನ್ನು ಮಾತ್ರ ಇದಾದ ಮೇಲೆ ಅಲ್ಲಿಂದ ತೆಗೆದು ಹಿಂದಿನ ಗೋಡೆಯ ಗೂಡಿನಲ್ಲಿಟ್ಟೆ. ಅವನ್ನು ತರಬೇಕಾದರೆ ನಾನು ಏಳಬೇಕು. ಏಳುವ ಮೊದಲು ಒಂದು ಮಾತು ಕೇಳುವಷ್ಟು ಹೊತ್ತು ಸಿಗುತ್ತದೆ.