ಹೂವಿನಮ್ಮ ಕುಡಿಯದ ಕಾಫಿ

ಕಾರ್ಮಿಕರ ವಿಮಾ ಯೋಜನೆಯ ಮೇಲೆ ಕಣ್ಣಿಡಲು ಹೊರಗಿನವರಲ್ಲಿ ಯಾರನ್ನು ನೇಮಿಸಬೇಕೆಂದು ಸರ್ಕಾರಕ್ಕೆ ಸಲಹೆ ಕೊಡಲು ಒಂದು ಸಮಿತಿಯಿತ್ತು. ನಾನು ಅದರ ಗುಮಾಸ್ತ. ಮದರಾಸಿನ ಪ್ಯಾರೀಸ್ ಕಾರ್ನರಿನ ಉಡುಪಿ ಹೋಟೆಲೊಂದಕ್ಕೆ, ಕೆಲಸಗಾರರು ಕಾಯಿಲೆ ಬಿದ್ದಾಗ ಏನು ಮಾಡುತ್ತಾರೆಂದು ವಿಚಾರಿಸಲು ಹೋದೆವು. ಅಡುಗೆ ಭಟ್ಟರು ದುಡ್ಡು ಬೇಡವೆಂದು ಕಾಫಿ ತಂದಿಟ್ಟರು. ಅಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅವನ ಕೆಲಸವನ್ನು ಉಳಿದವರು ಹಂಚಿಕೊಂಡು ಮಾಡುತ್ತಿದ್ದರು, ಸಂಬಳ ಅವನಿಗೇ.

“ಕಾಯಿಲೆ ನಿಜವೋ ಸುಳ್ಳೋ, ನೋಡುವವರು ಯಾರು?” ಎಂದೆ.

“ಎದುರಿನ ಹೂವಿನಮ್ಮ. ನಮ್ಮವರಿಗಾದ್ರೆ ದಾಕ್ಷಿಣ್ಯ ಉಂಟಲ್ಲ ಸ್ವಾಮಿ. ಅವರು ನಮ್ಮಲ್ಲಿ ಒಂದು ಲೋಟ ಕಾಫಿ ಕೂಡ ಕುಡಿಯುದಿಲ್ಲ.”

ನಾವು ತಿಂಗಳುಗಟ್ಟಲೆ ಹುಡುಕಿದವರು ರಸ್ತೆಯಾಚೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಬೆರಗಿನಿಂದ ನೋಡುತ್ತಲೇ ಇದ್ದೆ. ಬರೆದುಕೊಳ್ಳಲೆಂದು ಮೇಜಿನತ್ತ ತಿರುಗಿದರೆ, ಸಮಿತಿಯ ಲೋಟಗಳೆಲ್ಲ ಆಗಲೇ ಖಾಲಿಯಾಗಿದ್ದವು.