ಅವ್ವ ಹಿಡಿದ ಗೇರು

ನನಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಕೋಪವೂ ಅಷ್ಟೇ, ಮೂಗಿನ ತುದಿಯಲ್ಲೇ ಇರುತ್ತದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಆ ದಿನಗಳಲ್ಲಂತೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಚಾಮರಾಜನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಉಡಿಗಾಲದ ಪಕ್ಕದ ನಮ್ಮೂರಿನಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಕಿಟಕಿಯಾಚೆ ಎದುರಿಗೆ ಬರುವ ಗಾಡಿಗಳನ್ನೇ ನೋಡುತ್ತಿದ್ದೆ. ಯಾವುದು ಎತ್ತರ, ಯಾವುದರ ಟಯರು ಅಗಲ, ಯಾವುದು ಗುಂಡಿಗೆ ಇಳಿದರೂ ಕುಲುಕದೆ ಹೋಗುತ್ತದೆ. ನಮ್ಮ ಮನೆಗೊಂದು ಹೊಸ ಗಾಡಿ ಬರಲೇಬೇಕು ಅಂತ ನಾನು ಹಟ ಹಿಡಿದು ಆರು ತಿಂಗಳಾಗಿತ್ತು.

ಮನೆಯಲ್ಲಿದ್ದದ್ದು ಒಂದು ಹಳೇ ಜೀಪು. ನಾನು ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಅಪ್ಪ ಅದನ್ನು ಹರಾಜಿನಲ್ಲಿ ತಂದಿದ್ದ. ಬಾಗಿಲಿಲ್ಲ, ಮೇಲೆ ಟಾರ್ಪಾಲು, ಕೂತರೆ ಸೊಂಟಕ್ಕೆ ಕಬ್ಬಿಣವೇ ತಾಗುವ ಸೀಟು. ಗುಂಡ್ಲುಪೇಟೆ ದಾಟಿ ಮದ್ದೂರಿನ ಕಡೆ ಕಾಡಂಚಿನಲ್ಲಿ ನಮಗೊಂದು ಹೊಲವಿತ್ತು. ಅರಿಶಿನ, ಚೆಂಡುಹೂವು, ಟೊಮೆಟೊ, ಆಯಾ ಕಾಲಕ್ಕೆ ಆಯಾ ಬೆಳೆ. ಟಾರು ರಸ್ತೆ ಮುಗಿದ ಮೇಲೆ ಎರಡು ಮೈಲಿ ಬರೀ ಕಲ್ಲು, ಕೊರಕಲು, ನಡುವೆ ಒಂದು ಹಳ್ಳ. ಆ ದಾರಿಯಲ್ಲಿ ವಾರಕ್ಕೆ ಎರಡು ಸಲ ಜೀಪು ಹೋಗಿಬರುತ್ತಿತ್ತು. ಅಪ್ಪನ ಬೆನ್ನು ಆ ದಾರಿಯಲ್ಲೇ ಹೋಯಿತು. ಅಂಗಿಯೊಳಗೆ ಬೆಲ್ಟು ಬಿಗಿದುಕೊಳ್ಳದೆ ಬಗ್ಗಲಾಗುತ್ತಿರಲಿಲ್ಲ. "ಇನ್ನು ಆ ಜೀಪು ಬಿಡಿ, ಇಲ್ಲದಿದ್ದರೆ ಮಂಚ ಹಿಡೀತೀರಿ" ಅಂತ ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು.

ಆ ಜೀಪಿಗೆ ಒಂದು ಕಾಯಿಲೆಯಿತ್ತು. ಓಡುತ್ತ ಓಡುತ್ತ ಗೇರು ತಾನಾಗಿಯೇ ಕಳಚಿಕೊಂಡು ನ್ಯೂಟ್ರಲ್‌ಗೆ ಬಂದುಬಿಡುತ್ತಿತ್ತು. ಇಳಿಜಾರಿನಲ್ಲಿ ಹಾಗಾದರೆ ದೇವರೇ ಗತಿ. ಅದಕ್ಕೆ ಪಕ್ಕದ ಸೀಟಿನಲ್ಲಿ ಕೂತವರು ಗೇರಿನ ರಾಡನ್ನು ಕೈಯಲ್ಲಿ ಒತ್ತಿ ಹಿಡಿದಿರಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದು. ಮೊದಮೊದಲು ಬರೀ ಹಿಡಿಯುತ್ತಿದ್ದಳಂತೆ. ಆಮೇಲಾಮೇಲೆ ಇಂಜಿನ್ನಿನ ಸದ್ದು ಕೇಳಿಯೇ ಅವಳಿಗೆ ಎಲ್ಲ ತಿಳಿಯತೊಡಗಿತು. ಅಪ್ಪ ಕ್ಲಚ್ ತುಳಿದು "ಊಂ" ಅಂದರೆ ಸಾಕು, ಅವ್ವನ ಬಲಗೈ ಗೇರು ಬದಲಾಯಿಸಿರುತ್ತಿತ್ತು. ಸ್ಟಿಯರಿಂಗು ಅವನದು, ಗೇರು ಇವಳದು. ಅವ್ವನಿಗೆ ಮೈ ಸರಿಯಿಲ್ಲದ ದಿನ ಅಪ್ಪ ಜೀಪು ತೆಗೆಯುತ್ತಲೇ ಇರಲಿಲ್ಲ, ಬಸ್ಸಿಗೆ ಹೋಗುತ್ತಿದ್ದ.

ಅಪ್ಪನ ಅವ್ವ, ನನ್ನ ಅಜ್ಜಿ, ಜಗಲಿಯ ಮೇಲೆ ಕೂತೇ ಇಡೀ ಮನೆ ಆಳಿದವಳು. ಮನೆಯ ಹೆಂಗಸು ಕಾರಣವಿಲ್ಲದೆ ಹೊಸಿಲು ದಾಟಬಾರದು ಅನ್ನುವುದು ಅವಳ ಕಟ್ಟಪ್ಪಣೆ. ನನ್ನನ್ನು ಓದಿಸುವುದಕ್ಕೆ ಅವಳು ಒಪ್ಪಲಿ ಅಂತ ಅವ್ವ ಮೂರು ದಿನ ಉಪವಾಸ ಕೂತಿದ್ದಳು. ಜೀಪಿನ ಗೇರಿನ ಮುಂದೆ ಮಾತ್ರ ಆ ಅಪ್ಪಣೆ ನಡೆಯುತ್ತಿರಲಿಲ್ಲ. "ಗೇರ್ ಇಡ್ಕಳಕ್ಕೆ ಯಾರಾರ ಬೇಕಲ್ಲ, ಓಗು" ಅಂತ ಗೊಣಗಿ ಕಳಿಸುತ್ತಿದ್ದಳು. ಹಾಗೆ ವಾರಕ್ಕೆ ಎರಡು ದಿನ ಅವ್ವ ತಲೆ ಬಾಚಿಕೊಂಡು, ಒಳ್ಳೇ ಸೀರೆ ಉಟ್ಟು ಜೀಪು ಹತ್ತುತ್ತಿದ್ದಳು. ಗುಂಡ್ಲುಪೇಟೆಯ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದಳು. ಮಂಡಿಯಲ್ಲಿ ದಲ್ಲಾಳಿಗಳ ಬಾಯಿ ಮುಚ್ಚಿಸುತ್ತಿದ್ದವಳು ಅವಳೇ, ಅಪ್ಪನಲ್ಲ. ಮದ್ದೂರಿನ ಪಕ್ಕದ ಊರಿಗೆ ಕೊಟ್ಟಿದ್ದ ತನ್ನ ತಂಗಿಯನ್ನು ಹತ್ತು ನಿಮಿಷ ನೋಡಿ ಬರುತ್ತಿದ್ದಳು.

ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ತಲೆಗೆ ಹೋಗುವುದು ಬೇರೆ. ನನ್ನ ತಲೆಯ ತುಂಬ ಹೊಸ ಗಾಡಿಯಿತ್ತು.

ಅಪ್ಪನಿಗೆ ಹಳೇ ನಮೂನೆಯದೇ ಹೊಸ ಜೀಪು ತರುವ ಆಸೆ. "ಅದಾದ್ರೆ ದಾರೀಲಿ ಕೆಟ್ರೂ ತಂತಿ ಕಟ್ಕಂಡು ಮನೆ ಸೇರ್ಕಬೋದು ಕಣಮ್ಮಿ. ನೀನ್ ಯೋಳೋದ್ ಕೆಟ್ರೆ ಕಂಪ್ಯೂಟ್ರು ತರ್ಬೇಕಂತೆ" ಅನ್ನುತ್ತಿದ್ದ. "ತಂತಿ ಕಟ್ಟಿ ಕಟ್ಟಿ ಬೆನ್ನು ಮುರ್ಕಂಡಿದ್ದು ಸಾಲ್ದಾ?" ಅಂತ ನಾನು ಮೈಮೇಲೆ ಬೀಳುತ್ತಿದ್ದೆ. ಒಂದು ದಿನ ಅಪ್ಪ ಹೂಂ ಅಂದರೆ ಮಾರನೇ ದಿನ ಊಹೂಂ. ನನಗೆ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು. ಪಾಠ ಮಾಡುತ್ತಿದ್ದರೂ ಮನಸ್ಸು ಮಾತ್ರ ಗಾಡಿಯ ಸುತ್ತಲೇ ಗಿರಕಿ ಹೊಡೆಯುತ್ತಿತ್ತು.

ಒಂದು ದಿನ ಅವ್ವ ಮುದ್ದೆ ತಿರುವುತ್ತ, ತಲೆ ಎತ್ತದೆ ಕೇಳಿದಳು: "ಒಸ ಗಾಡಿ ಬಂದ್ರೆ ನಾನೆಲ್ಲಿ ಕೂತ್ಕಳದಮ್ಮಿ?"

"ಹಿಂದೆ, ರಾಣಿ ಥರ. ಹಿಂದಿನ ಸೀಟು ಎಷ್ಟು ಮೆತ್ತಗಿರ್ತದೆ ಗೊತ್ತಾ?" ಅಂದೆ.

ಅವಳು ಮುದ್ದೆಯನ್ನು ತಟ್ಟೆಗೆ ಹಾಕಿ, "ಇಂದೆ ಕೂತೋಳ್ಗೆ ನಿಮ್ಮಜ್ಜಿ ಓಗು ಅಂದಾಳಾ?" ಅಂದಳು. ನಾನು ನಕ್ಕುಬಿಟ್ಟೆ. ಅಷ್ಟು ಸಾಲದು ಅಂತ ಸೀದಾ ಜಗಲಿಗೆ ಹೋಗಿ ಅಜ್ಜಿಗೆ ಜಂಬ ಕೊಚ್ಚಿದೆ: "ಹೊಸ ಗಾಡೀಲಿ ಗೇರು ಹಿಡಿಯೋ ರಗಳೇನೇ ಇಲ್ಲ ಕಣಜ್ಜಿ. ಹಾಕಿದ್ರೆ ಹಾಕಿದ ಕಡೆ ನಿಲ್ತದೆ." ಅಜ್ಜಿ ಎಲೆಗೆ ಸುಣ್ಣ ಸವರುತ್ತ, "ಅಂಗಾರೆ ಒಳ್ಳೇದೇ ಆಯ್ತು ಬುಡು" ಅಂದಳು.

ಆ ವಾರವೇ ಮೈಸೂರಿನ ಶೋರೂಮೊಂದರ ಹುಡುಗ ಟ್ರಯಲ್ ತೋರಿಸಲು ಗಾಡಿ ತಂದ. ಭಾನುವಾರ, ಬೆಳಗ್ಗೆ ಎಂಟು ಗಂಟೆ. ಬಿಳೀ ಗಾಡಿ, ಎ.ಸಿ., ಪವರ್ ಸ್ಟಿಯರಿಂಗು. "ಆನೆ ಬಂದು ಗುದ್ದಿದ್ರೂ ಒಳಗಿರೋರಿಗೆ ಗೊತ್ತಾಗಲ್ಲ ಮೇಡಂ" ಅಂದ. ಮದ್ದೂರಿನ ಹೊಲದವರೆಗೂ ಹೋಗಿ ಆ ದಾರಿಯಲ್ಲೇ ಪರೀಕ್ಷೆ ಮಾಡುವುದು ಅಂತ ತೀರ್ಮಾನವಾಯಿತು. ಅವ್ವ ಒಳಗಿಂದ ಬಂದಳು. ತಲೆ ಬಾಚಿತ್ತು, ಹಸಿರು ಸೀರೆ ಉಟ್ಟಿದ್ದಳು. ಕಾಲು ಜಗಲಿಯ ಮೆಟ್ಟಿಲ ಮೇಲಿತ್ತು.

"ನೀನೆಲ್ಲಿಗೋಯ್ತೀಯೆ?" ಅಂದಳು ಅಜ್ಜಿ. "ಗೇರ್ ಇಡ್ಯಂಗಿಲ್ವಂತಲ್ಲ. ಟೀಚರಮ್ಮನೇ ಯೋಳವ್ಳೆ. ಒಳೀಕೋಗು, ಹುರುಳಿ ಬೇಯಕಾಕು."

ಅವ್ವ ನನ್ನನ್ನು ನೋಡಿದಳು. ಮೆಟ್ಟಿಲಿನಿಂದ ಕಾಲು ತೆಗೆದು ಒಳಗೆ ಹೋದಳು. ಆದರೂ ಗಾಡಿ ಹತ್ತಿ ಕೂತೆ. ಅದೇ ನನ್ನ ಬುದ್ಧಿ.

ತೆರಕಣಾಂಬಿ, ಗುಂಡ್ಲುಪೇಟೆ, ಟಾರು ಇರುವವರೆಗೂ ಶೋರೂಮಿನ ಹುಡುಗನೇ ಓಡಿಸಿದ. ನಾನು ಹಿಂದೆ ಕೂತಿದ್ದೆ. ಕಿಟಕಿಗಳೆಲ್ಲ ಮುಚ್ಚಿ ತಣ್ಣಗಿತ್ತು, ಹೊರಗಿನ ಸದ್ದೇ ಇಲ್ಲ. ಕಲ್ಲುದಾರಿ ಶುರುವಾಗುವ ಕಡೆ ಅವನು ಇಳಿದು, "ಇನ್ನು ನೀವು ಓಡ್ಸಿ ಸಾರ್, ಮಜಾ ನೋಡಿ" ಅಂತ ಪಕ್ಕದ ಸೀಟಿಗೆ ಬಂದ. ಅಪ್ಪ ಸ್ಟಿಯರಿಂಗ್ ಹಿಡಿದು ಕ್ಲಚ್ ತುಳಿದ. ತುಳಿದು, "ಊಂ" ಅಂದ.

ಏನೂ ಆಗಲಿಲ್ಲ. ಅಪ್ಪ ಗಾಡಿ ಮೆಚ್ಚಿ ಹೂಂಗುಟ್ಟಿದ ಅಂತ ತಿಳಿದು ಆ ಹುಡುಗ ಹಲ್ಲು ಬಿಟ್ಟ. ಆಮೇಲೆ ಅವನೇ, "ಫಸ್ಟ್ ಗೇರ್ ಹಾಕಿ ಸಾರ್" ಅಂದಾಗ ಅಪ್ಪ ಬೆಚ್ಚಿಬಿದ್ದವನಂತೆ ಎಡಗೈ ತಂದು ಹುಡುಕಾಡಿ ಗೇರು ಹಾಕಿದ. ಹಳ್ಳದವರೆಗೆ ಹೇಗೋ ಬಂತು. ಹಳ್ಳಕ್ಕೆ ಇಳಿದು, ನೀರು ದಾಟಿ, ಆಚೆ ದಡ ಹತ್ತುವಾಗ ಇಂಜಿನ್ ಉಸಿರು ಕಟ್ಟಿತು. ಅಪ್ಪ ಕ್ಲಚ್ ತುಳಿದು "ಊಂ" ಅಂದ. ಮತ್ತೆ ಇನ್ನೂ ಜೋರಾಗಿ "ಊಂ!" ಅಂದ. ಎರಡು ಕೈಯೂ ಸ್ಟಿಯರಿಂಗಿನ ಮೇಲೆ, ಕಣ್ಣು ದಡದ ಮೇಲೆ. ಪಕ್ಕದ ಸೀಟಿನಿಂದ ಗೇರು ಬೀಳುತ್ತದೆ ಅಂತ ಕಾಯುತ್ತಿದ್ದಾನೆ ಮನುಷ್ಯ! "ಗೇರ್ ಸಾರ್, ಗೇರ್! ಬ್ರೇಕ್!" ಅಂತ ಹುಡುಗ ಕಿರುಚಿಕೊಂಡ. ಗಾಡಿ ಹಿಂದಕ್ಕೆ ಜಾರಿ ಬಂಡೆಗೆ ತಾಗಿ ನಿಂತಿತು. ಹಿಂದಿನ ದೀಪದ ಗಾಜು ಪುಡಿಪುಡಿ.

ನಾನು ಬಾಗಿಲು ತೆಗೆದು ಮೊಣಕಾಲುದ್ದ ನೀರಿಗೆ ಹಾರಿದೆ. "ಇಪ್ಪತ್ತು ವರ್ಷ ಗಾಡಿ ಓಡ್ಸಿದೀಯಲ್ಲಪ್ಪ, ಗೇರ್ ಹಾಕಕ್ಕೆ ಬರಲ್ವಾ ನಿಂಗೆ? ಯಾರಿಗ್ ಊಂ ಅಂತಿದ್ದೆ?" ಅಂತ ಅರಚಿದೆ. ಅಪ್ಪ ಖಾಲಿ ಎಡಗೈ ನೋಡಿಕೊಂಡು, "ಬಂದ್ಬುಟ್ತು ಕಣಮ್ಮಿ ಬಾಯ್ಗೆ" ಅಂದ. ಅವನ ಮುಖದಲ್ಲಿ ನಾಚಿಕೆಯಿತ್ತು. ನಾನು ಅವನನ್ನು ಅಷ್ಟು ಸಣ್ಣವನಾಗಿ ಯಾವತ್ತೂ ಕಂಡಿರಲಿಲ್ಲ.

ಹೊಲ ನೋಡಲಿಲ್ಲ, ತಿರುಗಿ ಬಂದೆವು. ಗುಂಡ್ಲುಪೇಟೆಯಲ್ಲಿ ನಮ್ಮ ಜೀಪು ನೋಡುತ್ತಿದ್ದ ಮೆಕ್ಯಾನಿಕ್ಕಿನ ಶೆಡ್ಡಿತ್ತು. ಕೇರಳದಿಂದ ಬಂದು ನೆಲೆಸಿದ್ದ ವಯಸ್ಸಾದವರು, ಎಲ್ಲರೂ ಕಾಕಾ ಅನ್ನುತ್ತಿದ್ದರು. ಶೋರೂಮಿನ ಹುಡುಗ ಆಚೆ ನಿಂತು ತನ್ನ ಸಾಹೇಬರಿಗೆ ಫೋನು ಮಾಡುತ್ತಿದ್ದ. ನಾನು ಒದ್ದೆ ಚೂಡಿದಾರದಲ್ಲೇ ಶೆಡ್ಡಿನ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತ ಕಾಕಾನ ಮೇಲೆ ರೇಗಿದೆ: "ಎಲ್ಲ ನಿಮ್ಮಿಂದ ಕಾಕಾ. ಆ ದರಿದ್ರ ಗೇರ್‌ಬಾಕ್ಸು ಆವತ್ತೇ ಸರಿ ಮಾಡಿದ್ದಿದ್ರೆ ಅಪ್ಪ ಗೇರ್ ಹಾಕೋದೇ ಮರೀತಿರಲಿಲ್ಲ."

ಕಾಕಾ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದರು. "ಏನ್ ಮೋಳೆ, ಏನ್ ಮಗಳೇ ಹೀಗೆ ಹೇಳ್ತೀಯ? ಅದು ನಾನು ಯಾವಾಗಲೋ ರೆಡಿ ಮಾಡಿ ಕೊಟ್ಟೆ ಅಲ್ವಾ. ಒಂದು ಸ್ಪ್ರಿಂಗ್ ಹೋಗಿತ್ತು, ಅರ್ಧ ದಿನದ ಕೆಲಸ. ನೀನಾಗ ಸಣ್ಣ ಹುಡುಗಿ, ಲಂಗ ಹಾಕ್ಕೊಂಡು ಇಲ್ಲೇ ಟಯರ್ ಮೇಲೆ ಕೂತಿದ್ದೆ."

ನಾನು ನಿಂತುಬಿಟ್ಟೆ. ಅಪ್ಪ ಟೀ ಲೋಟ ಹಿಡಿದು ಬೆಂಚಿನ ಮೇಲೆ ಕೂತಿದ್ದ.

"ರಿಪೇರಿ ಆಗಿತ್ತಾ?" ಅಂದೆ.

"ಆಗಿತ್ತು."

"ಮತ್ತೆ ಅವ್ವ ಯಾಕೆ ಹಿಡ್ಕತಿದ್ಲು? ಅವಳಿಗೆ ಹೇಳಲೇ ಇಲ್ವಾ?"

"ಯೋಳೋದೇನು ಬಂತು? ಕೈ ಮಡಗಿದ್ದೋಳು ಅವ್ಳು. ಅವತ್ತೇ ಗೊತ್ತಾಗೋಗದೆ." ಅಪ್ಪ ಲೋಟದೊಳಗೆ ನೋಡುತ್ತ ಹೇಳಿದ. "ತೆರಕಣಾಂಬಿ ದಾಟಿ ಊರು ತಂಕ ಇಡ್ಕಂಡೇ ಬಂದ್ಲು. ನಾನೂ ಕೇಳ್ನಿಲ್ಲ, ಅವ್ಳೂ ಯೋಳ್ನಿಲ್ಲ. ಮಾರ್ನೆ ವಾರ ನಿಮ್ಮಜ್ಜಿ, ಗೇರ್ ರೆಡಿ ಮಾಡ್ಸುದ್ಯೇನ್ಲಾ ಅಂದ್ರು. ಇಲ್ಲ ಕಣವ್ವ, ಆ ಪಾರ್ಟು ಸಿಕ್ಕಾಕಿಲ್ವಂತೆ ಅಂದ್ಬುಟ್ಟೆ."

ಹದಿನೈದು ವರ್ಷ. ಹದಿನೈದು ವರ್ಷ ಸರಿಯಾಗಿದ್ದ ಗೇರನ್ನು ಅವ್ವ ಹಿಡಿದುಕೊಂಡು ಕೂತಿದ್ದಳು. ಅದನ್ನು ನಾನು ಒಂದೇ ಒಂದು ಬಾಯಿಬಡುಕ ಮಾತಿನಲ್ಲಿ ಕಿತ್ತುಕೊಂಡಿದ್ದೆ. ದಿನಾ ಬೆಳಿಗ್ಗೆ ಬ್ಯಾಗು ತಗುಲಿಸಿಕೊಂಡು ಹೊಸಿಲು ದಾಟುವವಳು ನಾನು, ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಾಕಾನ ಶೆಡ್ಡಿನಲ್ಲೇ ಅಳು ಬಂದುಬಿಟ್ಟಿತು. ಗ್ರೀಸ್ ವಾಸನೆ ಅಂತ ಸುಳ್ಳು ಹೇಳಿ ಮುಖ ಒರೆಸಿಕೊಂಡೆ.

ಊರಿಗೆ ಬರುವ ದಾರಿಯುದ್ದಕ್ಕೂ ಉಗುರು ಕಚ್ಚುತ್ತ ಕೂತಿದ್ದೆ. ಹಳೇದನ್ನೇ ಇಟ್ಟುಕೊಂಡರೆ ಅಪ್ಪನ ಬೆನ್ನು ಹೋಗುತ್ತದೆ. ಹೊಸದು ತಂದರೆ ಅವ್ವ ಮನೆಯಲ್ಲಿ ಉಳಿಯುತ್ತಾಳೆ. ಎರಡರಲ್ಲಿ ಯಾವುದು? ಗಾಡಿ ಎಷ್ಟು ನುಣ್ಣಗೆ ಓಡುತ್ತಿತ್ತೋ ನನ್ನ ಜೀವ ಅಷ್ಟು ಕುಲುಕುತ್ತಿತ್ತು.

ಜಗಲಿಯ ಮುಂದೆ ಇಳಿದದ್ದೇ ಅಜ್ಜಿ ಕೇಳಿದಳು: "ಎಂಗದಮ್ಮಿ ಗಾಡಿ?"

"ಗಾಡಿ ಚೆನ್ನಾಗದೆ ಕಣಜ್ಜಿ. ಇದನ್ನೇ ತಗೋತೀವಿ" ಅಂದೆ. "ಆದ್ರೆ ನಾನು ಹೇಳಿದ್ದು ತಪ್ಪು. ಇದರಲ್ಲೂ ಗೇರ್ ನಿಲ್ಲಲ್ಲ. ಯಾರಾದ್ರೂ ಹಿಡ್ಕಬೇಕು. ಇವತ್ತು ಹಿಡ್ಕಳೋರಿಲ್ಲದೆ ಹಳ್ಳಕ್ಕೆ ಜಾರಿ ಹೋಗ್ತಿದ್ವಿ, ದೀಪ ನೋಡು, ಒಡ್ದೋಗದೆ."

ಹಿಂದೆ ನಿಂತಿದ್ದ ಶೋರೂಮಿನ ಹುಡುಗನ ಮುಖ ಬಿಳುಚಿಕೊಂಡಿತು. "ಮೇಡಂ, ಏನ್ ಮೇಡಂ ಇದು, ನಮ್ಮ ಗಾಡೀಲಿ ಅಂಥ ಕಂಪ್ಲೇಂಟೇ..."

"ನಿಮ್ಗೆ ಗಾಡಿ ಮಾರ್ಬೇಕೋ ಬೇಡ್ವೋ?" ಅಂದೆ. ಅವನು ಹಿಂದೆ ಸರಿದು ಗಾಡಿಯ ಧೂಳು ಒರೆಸತೊಡಗಿದ.

ಅಜ್ಜಿ ಎದ್ದು ಬಂದು ಒಡೆದ ದೀಪ ಮುಟ್ಟಿ ನೋಡಿದಳು. "ಥೂ, ಅಷ್ಟೊಂದ್ ದುಡ್ ಸುರ್ದು ತಂದ್ರೂ ಅದೇ ರ್ವಾಗವಾ! ಇವಕ್ಕೇನ್ ಬಂದದೋ" ಅಂತ ಶಪಿಸಿ, ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದಳು. "ಇನ್ನೇನ್ ಮಾಡೀಯೆ? ನೀನೇ ಓಗಿ ಇಡ್ಕ ಓಗು."

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಆಕಾಶ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದಳು. ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, "ಕಾಲೆಲ್ಲ ನೆಂದೋಗದೆ, ಕಾಫಿ ಕಾಯಿಸ್ತೀನಿ ಬಾ" ಅಂದಳು. ಆ ಮಾತು ನಾವು ಮತ್ತೆ ಯಾವತ್ತೂ ಎತ್ತಲಿಲ್ಲ.

ತಿಂಗಳೊಳಗೆ ಗಾಡಿ ಮನೆಗೆ ಬಂತು. ಮೊದಲ ಸಲ ಮದ್ದೂರಿಗೆ ಹೊರಟಾಗ ಅವ್ವ ಹಸಿರು ಸೀರೆ ಉಟ್ಟು ಮುಂದೆ ಕೂತಳು. ಅಜ್ಜಿ ಜಗಲಿಯಿಂದಲೇ, "ಗಟ್ಯಾಗ್ ಇಡ್ಕಳೆ" ಅಂತ ಕೂಗಿದಳು. ಅಪ್ಪ ಕ್ಲಚ್ ತುಳಿದು "ಊಂ" ಅಂದ. ಅವ್ವನ ಕೈ ಗೇರು ಹಾಕಿತು. ನಾನು ಹಿಂದೆ ಕೂತಿದ್ದೆ. ಹಿಂದಿನ ಸೀಟು ನಿಜವಾಗಿಯೂ ಮೆತ್ತಗಿತ್ತು.